ಬಡಿಯುವವರು ಬೇರೆ, ತೂರುವವರು ಬೇರೆ: ಚಂದ್ರನ ಸುತ್ತಲಿನ ಸೋಡಿಯಂ

ಚಂದ್ರನ ಸುತ್ತ ತೀರಾ ತೆಳುವಾದ ಸೋಡಿಯಂ ಆವಿ ಇದೆ ಎಂದೊಡನೆ ಕಲಬುರಗಿಯ ಮೇ ತಿಂಗಳ ಬಿಸಿಲುಂಡ ಮಕ್ಕಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಸರ್, ಚಂದ್ರನ ಮ್ಯಾಲ ಬಿಸಿಲಿಗೆ ಕಲ್ಲು ಕಾದು ಸೋಡಿಯಂ ಆವಿ ಆಗ್ತದೇನ್ರಿ?" ನಡುಹಗಲಲ್ಲಿ ಅಲ್ಲಿನ ನೆಲ 120 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ನಿಜ. ಆದರೆ ಖನಿಜದೊಳಗೆ ಆಮ್ಲಜನಕದ ಜೊತೆ ಬಿಗಿಯಾಗಿ ಬೆಸೆದುಕೊಂಡ ಸೋಡಿಯಂಗೆ ಅಷ್ಟು ಬಿಸಿ ಏನೇನೂ ಸಾಲದು. ಹಾಗಿದ್ದರೂ 1988ರಲ್ಲಿ ವಿಜ್ಞಾನಿಗಳಾದ ಪಾಟರ್ ಮತ್ತು ಮಾರ್ಗನ್ ಭೂಮಿಯಿಂದಲೇ ದೂರದರ್ಶಕ ಹಿಡಿದು ಚಂದ್ರನ ಅಂಚಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಕಂಡರು. ನೆಲದ ಹತ್ತಿರ ಒಂದು ಘನ ಸೆಂಟಿಮೀಟರಿಗೆ ಸುಮಾರು 70 ಸೋಡಿಯಂ ಪರಮಾಣು, 17 ಪೊಟ್ಯಾಸಿಯಂ. ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದೇ ಇಲ್ಲ, ಅಷ್ಟು ವಿರಳ.

ಇದರ ಮೂಲದ ಬಗ್ಗೆ ಬರೆಯುವವರು ನಾಲ್ಕು ಕಾರಣಗಳನ್ನು (ಉಲ್ಕಾಧೂಳು, ಸೌರಮಾರುತ, ಅತಿನೇರಳೆ ಬೆಳಕು, ನೆಲದ ಬಿಸಿ) ಒಂದೇ ಸಾಲಿನಲ್ಲಿ ಪಟ್ಟಿ ಮಾಡಿ ಮುಗಿಸುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ. ತೊಗರಿ ರಾಶಿ ಮಾಡುವಾಗ ಕಾಯಿ ಬಡಿದು ಕಾಳು ಬಿಡಿಸುವ ಕೆಲಸ ಬೇರೆ, ಬಿಡಿಸಿದ್ದನ್ನು ಗಾಳಿಗೆ ತೂರುವ ಕೆಲಸ ಬೇರೆ. ಚಂದ್ರನಲ್ಲೂ ಹಾಗೆಯೇ.

ಬಡಿಯುವವರು ಇಬ್ಬರು. ಒಂದು, ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಬಂದು ಅಪ್ಪಳಿಸುವ ಉಲ್ಕಾಧೂಳು. ತಡೆಯಲು ಗಾಳಿಯಿಲ್ಲ, ಹಾಗಾಗಿ ಅದು ಬಿದ್ದ ಕಡೆ ಕಲ್ಲೇ ಸಾವಿರಾರು ಡಿಗ್ರಿಯ ಆವಿಯಾಗುತ್ತದೆ. ಎರಡನೆಯದು ಸೌರಮಾರುತ, ಅಂದರೆ ಸೂರ್ಯನಿಂದ ಸದಾ ಹರಿದು ಬರುವ ವಿದ್ಯುತ್ ಕಣಗಳ ಹೊಳೆ. ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದ ಪ್ರೋಟಾನ್ ಒಂದೊಂದಕ್ಕೂ ಸಾವಿರ ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಇರುತ್ತದೆ. ಅದು ಮೇಲ್ಪದರದ ಪರಮಾಣುಗಳನ್ನು ಕಿತ್ತು ಹೊರಗೆಸೆಯುತ್ತದೆ. ಇವರಿಬ್ಬರಲ್ಲಿ ಉಲ್ಕಾಧೂಳಿನದೇ ದೊಡ್ಡ ಪಾಲು ಎಂಬುದು ನಮ್ಮ ಅಭಿಪ್ರಾಯ. 2013ರ ಡಿಸೆಂಬರಿನ ಜೆಮಿನಿಡ್ ಉಲ್ಕಾವೃಷ್ಟಿಯ ವೇಳೆ ನಾಸಾದ ಲ್ಯಾಡೀ ನೌಕೆಗೆ ಸೋಡಿಯಂನ ಗುಂಪಿನದೇ ಆದ ಪೊಟ್ಯಾಸಿಯಂ ಏರಿದ್ದು ಎದ್ದು ಕಂಡಿತ್ತು. 2024ರಲ್ಲಿ ಅಪೋಲೋ ಮಣ್ಣಿನ ಪೊಟ್ಯಾಸಿಯಂ, ರುಬಿಡಿಯಂ ಐಸೋಟೋಪುಗಳನ್ನು (ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು) ಅಳೆದವರೂ ಇದೇ ತೀರ್ಮಾನಕ್ಕೆ ಬಂದರು.

ತೂರುವುದು ಸೂರ್ಯನ ಅತಿನೇರಳೆ ಬೆಳಕು. ಬಿಡಿಸಿಕೊಂಡು ಬಂದ ಸೋಡಿಯಂ ಮಣ್ಣಿನ ಕಣದ ಮೇಲೆ ಸಡಿಲವಾಗಿ ಅಂಟಿ ಕೂತಿರುತ್ತದೆ, ಅದೂ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಅಯಾನಾಗಿ. ಸುಮಾರು 300 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕು ಬಿದ್ದರೆ ಕಣದಲ್ಲಿದ್ದ ಎಲೆಕ್ಟ್ರಾನೊಂದು ಅದಕ್ಕೆ ಜಿಗಿಯುತ್ತದೆ. ಅಯಾನು ತಟಸ್ಥ ಪರಮಾಣುವಾಗುತ್ತದೆ, ಹಿಡಿತ ತಪ್ಪುತ್ತದೆ, ಹಾರುತ್ತದೆ. 1999ರಲ್ಲಿ ವಿಜ್ಞಾನಿಗಳಾದ ಯಕ್ಷಿನ್ಸ್ಕಿ ಮತ್ತು ಮೇಡಿ ಇದನ್ನು ಪ್ರಯೋಗಾಲಯದಲ್ಲಿ ತೋರಿಸಿದರು. ಸಡಿಲವಾಗಿ ಕೂತವನ್ನು ಎಬ್ಬಿಸಲು ನೆಲದ ಬಿಸಿಯೂ ಸ್ವಲ್ಪ ಕೈಜೋಡಿಸುತ್ತದೆ. ಮಕ್ಕಳ ಪ್ರಶ್ನೆಯಲ್ಲಿ ಅಷ್ಟು ಸತ್ಯ ಇದ್ದೇ ಇದೆ.

ಬೆಳಕು ಎಬ್ಬಿಸಿದ ಪರಮಾಣುವಿನ ವೇಗ ಸೆಕೆಂಡಿಗೆ 900 ಮೀಟರ್ ಆಸುಪಾಸು ಎಂದಿಟ್ಟುಕೊಳ್ಳಿ. ಚಂದ್ರನನ್ನು ಬಿಟ್ಟು ಹೋಗಲು ಬೇಕಾದದ್ದು 2,380 ಮೀಟರ್. ಹಾಗಾಗಿ ಅದು ನೇರ ಮೇಲಕ್ಕೆ ಹೋದರೆ 300 ಕಿ.ಮೀ. ಸಮೀಪ ಏರಿ, ಇಪ್ಪತ್ತು ನಿಮಿಷದ ಮೇಲೆ ಮತ್ತೆ ನೆಲಕ್ಕೇ ಬೀಳುತ್ತದೆ, ಅಂಟುತ್ತದೆ, ಮತ್ತೆ ಏಳುತ್ತದೆ. ಬೆಳಕೊಂದನ್ನೇ ನಂಬಿದರೆ ಹಳೆಯ ದಾಸ್ತಾನು ಮಾತ್ರ ತಿರುಗುತ್ತಿರುತ್ತದೆ, ಹೊಸದು ಸೇರುವುದಿಲ್ಲ. ಖರ್ಚು ಮಾತ್ರ ನಿಲ್ಲದು: ಬಿಸಿಲಿನಲ್ಲಿ ಹಾರುವ ಸೋಡಿಯಂ ಸರಾಸರಿ ಎರಡು ದಿನದಲ್ಲಿ ಎಲೆಕ್ಟ್ರಾನ್ ಕಳೆದುಕೊಂಡು ಸೌರಮಾರುತದ ಪಾಲಾಗುತ್ತದೆ. ವೇಗ ಹೆಚ್ಚಿದ್ದವನ್ನು ಬೆಳಕಿನ ಒತ್ತಡವೇ ಸೂರ್ಯನ ವಿರುದ್ಧ ದಿಕ್ಕಿಗೆ ತಳ್ಳಿ ಲಕ್ಷಾಂತರ ಕಿ.ಮೀ. ಉದ್ದದ ಬಾಲ ಮಾಡುತ್ತದೆ. 1998ರ ಲಿಯೊನಿಡ್ ಉಲ್ಕಾವೃಷ್ಟಿಯ ಬೆನ್ನಿಗೇ, ಅಮಾವಾಸ್ಯೆಯ ಹೊತ್ತಿಗೆ ಈ ಬಾಲ ಭೂಮಿಯನ್ನು ಸವರಿ ಹೋಗುವುದು ಪತ್ತೆಯಾಯಿತು. ಬರಿಗಣ್ಣಿಗೆ ಅದು ಕಾಣುವಂಥದ್ದಲ್ಲ.

ಕಣಕ್ಕೆ ಅಂಟಿದ ಆ ಸಡಿಲ ಪದರದ ಸುಳಿವು ಕೊಟ್ಟದ್ದು ನಮ್ಮದೇ ಚಂದ್ರಯಾನ-2. ಬೆಂಗಳೂರಿನಲ್ಲಿ ತಯಾರಾದ ಅದರ ಕ್ಲಾಸ್ ಉಪಕರಣ ಎಕ್ಸ್-ಕಿರಣದ ಮೂಲಕ ಚಂದ್ರನ ಸೋಡಿಯಂ ನಕ್ಷೆ ಮಾಡಿತು. ಒಂದು ಭಾಗ ಖನಿಜದೊಳಗಿನದು, ಇನ್ನೊಂದು ಭಾಗ ಕಣದ ಮೇಲಿನ ತೆಳು ಲೇಪದ್ದು ಎಂದು 2022ರ ಅಕ್ಟೋಬರಿನಲ್ಲಿ ಇಸ್ರೋ ತಿಳಿಸಿತು.

ಚಂದ್ರನ ಕಲ್ಲಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ಸೋಡಿಯಂಗಿಂತ ಎಷ್ಟೋ ಹೆಚ್ಚು. ಸೋಡಿಯಂ ಮೊದಲು ಕಂಡಿತೆಂದರೆ ಅದಕ್ಕೆ ಕಾರಣ ಅದು 589.0 ಮತ್ತು 589.6 ನ್ಯಾನೋಮೀಟರಿನ ಹಳದಿ ಬೆಳಕನ್ನು ಹೀರಿ ಕೂಡಲೇ ಸುತ್ತಲೂ ಚೆಲ್ಲುವುದರಲ್ಲಿ ಮಹಾ ಚುರುಕು. ಇದನ್ನು ಕಲಬುರಗಿ, ಬೀದರ, ಯಾದಗಿರಿಯಲ್ಲಿ ಭೌತಶಾಸ್ತ್ರ ಪ್ರಯೋಗಾಲಯ ಇರುವ ಯಾವ ಪದವಿ ಕಾಲೇಜಿನಲ್ಲೂ ನೋಡಬಹುದು. ನ್ಯೂಟನ್ ಉಂಗುರಗಳ ಪ್ರಯೋಗಕ್ಕೆ ಇಟ್ಟ ಸೋಡಿಯಂ ದೀಪ ಹಚ್ಚಿ. ಮೊದಲು ಕೆಂಪಗಿರುತ್ತದೆ, ಹಳದಿಗೆ ತಿರುಗಲು ಹತ್ತು ನಿಮಿಷ ಬಿಡಿ. ಮುಂದೆ ಒಂದು ಸೆಂಟಿಮೀಟರ್ ಕಿಂಡಿಯ ರಟ್ಟು, ಒಂದು ಮೀಟರ್ ದೂರಕ್ಕೆ ಬಿಳಿ ಹಾಳೆ, ನಡುವೆ ಸ್ಪಿರಿಟ್ ದೀಪ. ಫ್ಯಾನ್ ಆರಿಸಿ. ಬರೀ ಜ್ವಾಲೆಗೆ ನೆರಳು ಬೀಳುವುದಿಲ್ಲ. ದಟ್ಟ ಉಪ್ಪುನೀರಿನಲ್ಲಿ ಅದ್ದಿದ ತಂತಿಯನ್ನು ಜ್ವಾಲೆಗೆ ಹಿಡಿಯಿರಿ: ಹಾಳೆಯ ಮೇಲೆ ಜ್ವಾಲೆಯ ಕಪ್ಪು ನೆರಳು ಏಳುತ್ತದೆ, ಉಪ್ಪು ತೀರಿದೊಡನೆ ಮಾಯವಾಗುತ್ತದೆ, ಮತ್ತೆ ಅದ್ದಬೇಕು. ಎಲ್‌ಇಡಿ ಟಾರ್ಚ್ ಇಟ್ಟರೆ ನೆರಳು ಬಾರದು, ಏಕೆಂದರೆ ಅದರ ಬೆಳಕಿನಲ್ಲಿ ಸೋಡಿಯಂ ಹೀರುವ ಪಾಲು ತೀರಾ ಕಿರಿದು. ಹಳೆಯ ಬೀದಿದೀಪದ ಹೆಚ್ಚು ಒತ್ತಡದ ಸೋಡಿಯಂ ಬಲ್ಬೂ ಕೈಕೊಡುತ್ತದೆ: ಅದರೊಳಗಿನ ದಟ್ಟ ಆವಿ ಆ ಎರಡು ತರಂಗಾಂತರಗಳ ಬೆಳಕನ್ನು ತಾನೇ ಹೀರಿಬಿಟ್ಟಿರುತ್ತದೆ, ಜ್ವಾಲೆಗೆ ತಡೆಯಲು ಏನೂ ಉಳಿದಿರುವುದಿಲ್ಲ.