ನೆಲ್ಲಿಕಾಯಿ ಹಾಕಿದ ಟೋಪಿ: ಪ್ರಾಜೆಕ್ಟ್ ಅಪ್ಡೇಟ್ 4

ಈ ಅಪ್ಡೇಟ್ ಎರಡು ತಿಂಗಳು ಲೇಟು. ಯಾಕಂದ್ರೆ ಹೋದ ಸಲ ಅಷ್ಟು ಖುಷಿಯಾಗಿ ಬರ್ದಿದ್ನಲ್ಲ, ನೆಲ್ಲಿಕಾಯಿ ಎಕ್ಸ್‌ಟ್ರಾಕ್ಟು (ಸಾರ) ಡೆಂಗ್ಯೂ ವೈರಸ್ಸನ್ನ ಇಳಿಸ್ತಿದೆ, ಸೆಲ್ಲಿಗೂ ಏನೂ ಆಗ್ತಿಲ್ಲ ಅಂತ, ಅದು ಪೂರ್ತಿ ಸುಳ್ಳು.

ಹೊಸಬರಿಗೆ ಒಂದ್ಸಲ ಹೇಳ್ಬಿಡ್ತೀನಿ. ನಮ್ಮ ಲ್ಯಾಬಲ್ಲಿ ಎರಡು ಕೆಲ್ಸ ಒಟ್ಟಿಗೆ ನಡೀತಿದೆ. ಒಂದು ಸಿಎಂಎಲ್ ಅನ್ನೋ ರಕ್ತ ಕ್ಯಾನ್ಸರ್ ಕಡೆಯದು. ಅದ್ರಲ್ಲಿ 9ನೇ ಮತ್ತು 22ನೇ ಕ್ರೋಮೋಸೋಮ್ ತುಂಡು ಅದಲುಬದಲಾಗಿ ಬಿಸಿಆರ್-ಎಬಿಎಲ್ ಅಂತ ಒಂದು ಕಿತಾಪತಿ ಜೀನ್ ಹುಟ್ಕೊಳ್ಳತ್ತೆ. ಗಿಡ್ಡ ಆಗಿರೋ ಆ ಕ್ರೋಮೋಸೋಮನ್ನ 1960ರಲ್ಲೇ ಫಿಲಡೆಲ್ಫಿಯಾದಲ್ಲಿ ನೋಡಿದ್ರು, ಆದ್ರೆ ಅದು ಅದಲುಬದಲು ಅಂತ ಜಾನೆಟ್ ರೌಲಿ ತೋರ್ಸಿದ್ದು 1973ರಲ್ಲಿ. ನಾವು ಬಳಸೋ ಕೆ562 ಅನ್ನೋ, ಲ್ಯಾಬಲ್ಲಿ ಬೆಳೆಸೋ ಸಿಎಂಎಲ್ ಸೆಲ್ಲುಗಳಲ್ಲಿ ಈ ಜೀನ್ ಬೇಕಾದಷ್ಟಿದೆ. ಇನ್ನೊಂದು ಕೆಲ್ಸ ಗಿಡಮೂಲಿಕೆ ಎಕ್ಸ್‌ಟ್ರಾಕ್ಟುಗಳದ್ದು, ವೀರೋ ಅನ್ನೋ ಕೋತಿ ಕಿಡ್ನಿ ಸೆಲ್ಲಲ್ಲಿ ಡೆಂಗ್ಯೂ ಬೆಳೆಸಿ ಅದನ್ನ ತಡೀತಾವಾ ಅಂತ ನೋಡೋದು. ವೈರಸ್ ರೂಮಿಗೆ ನಂಗೆ ಪರ್ಮಿಷನ್ ಇಲ್ಲ, ಸೀನಿಯರ್ ಅಕ್ಕ ಮಾಡ್ತಾರೆ, ಮಿಕ್ಕ ಚಾಕರಿ ನಂದು.

ಈಗ ಟೋಪಿ ಬಿದ್ದದ್ದು ಹೇಗೆ ಅಂದ್ರೆ. ಸೆಲ್ ಬದುಕಿದ್ಯಾ ಅಂತ ನೋಡೋಕೆ ಎಂಟಿಟಿ ಅನ್ನೋ ಹಳದಿ ಪುಡಿ ಕರಗಿಸಿ ಹಾಕ್ತೀವಿ, ಬದುಕಿರೋ ಸೆಲ್ ಅದನ್ನ ನೇರಳೆ ಮಾಡತ್ತೆ, ಜಾಸ್ತಿ ನೇರಳೆ ಅಂದ್ರೆ ಜಾಸ್ತಿ ಸೆಲ್ ಜೀವಂತ. ನನ್ನ ಪ್ಲೇಟಲ್ಲಿ ಎಕ್ಸ್‌ಟ್ರಾಕ್ಟ್ ಜಾಸ್ತಿ ಆದಷ್ಟೂ ನೇರಳೆ ಜಾಸ್ತಿ, ಕೊನೇ ಸಾಲಂತೂ ಪಕ್ಕಾ ನೇರಳೆ ಹಣ್ಣಿನ ಬಣ್ಣ. ಕುಣಿದಾಡ್ಬಿಟ್ಟೆ. ಅಕ್ಕ ಮಾತ್ರ ಪ್ಲೇಟ್ ತಿರುಗಿಸಿ ನೋಡಿ, "ಸೆಲ್ ಹಾಕ್ದೇ ಬರೀ ಎಕ್ಸ್‌ಟ್ರಾಕ್ಟ್ ಹಾಕಿ ನೋಡಿದ್ಯೇನೋ?" ಅಂದ್ರು. ನೋಡಿರ್ಲಿಲ್ಲ. ಮಾರನೇ ದಿನ ಪ್ಲೇಟಿನ ಖಾಲಿ ವೆಲ್‌ಗಳಿಗೆ (ಗುಳಿಗಳಿಗೆ) ಮೀಡಿಯಂ (ಸೆಲ್ ಬೆಳೆಯೋ ದ್ರವ), ಎಕ್ಸ್‌ಟ್ರಾಕ್ಟ್, ಎಂಟಿಟಿ ಅಷ್ಟೇ ಹಾಕಿ ಇಟ್ಟೆ, ಟೀ ಕುಡ್ಕೊಂಡು ಬರೋಷ್ಟ್ರಲ್ಲಿ ಒಂದೇ ಒಂದು ಸೆಲ್ ಇಲ್ದೇನೂ ನೇರಳೆ ತಿರುಗಿತ್ತು!! ನೆಲ್ಲಿಕಾಯಲ್ಲಿರೋ ವಿಟಮಿನ್ ಸಿ, ಟ್ಯಾನಿನ್ ಇವೇ ಎಂಟಿಟಿನ ನೇರವಾಗಿ ನೇರಳೆ ಮಾಡ್ಬಿಡ್ತಾವೆ. ಆಮೇಲೆ ಸತ್ತ ಸೆಲ್ಲಿಗೆ ಮಾತ್ರ ಹತ್ತೋ ಟ್ರಿಪ್ಯಾನ್ ಬ್ಲೂ ಬಣ್ಣ ಹಾಕಿ ಮೈಕ್ರೋಸ್ಕೋಪ್ ಕೆಳಗೆ ಎಣಿಸಿದೆ, ಜಾಸ್ತಿ ಡೋಸಲ್ಲಿ ಅರ್ಧಕ್ಕರ್ಧ ಸೆಲ್ ನೀಲಿ, ಅಂದ್ರೆ ಸತ್ತಿವೆ. ವೈರಸ್ ಕಮ್ಮಿ ಆಗಿದ್ದಕ್ಕೆ ಔಷಧಿ ಗುಣ ಏನೂ ಬೇಕಿಲ್ಲ, ಮನೆನೇ ಬಿದ್ದೋದ್ರೆ ಬಾಡಿಗೆದಾರ ಎಲ್ಲಿರ್ತಾನೆ.

ಇದೇ ಕಥೆ ಕೆ562 ಕಡೆನೂ ಆಗಿತ್ತು ಅನ್ನೋದು ಇನ್ನೂ ಬೇಜಾರು. ಅದೇ ಎಕ್ಸ್‌ಟ್ರಾಕ್ಟ್ ಹಾಕಿದ್ರೆ ಪಿಸಿಆರಲ್ಲಿ (ಜೀನಿನ ಆರ್‌ಎನ್‌ಎ ನಕಲು ಎಷ್ಟಿದೆ ಅಂತ ಅಳೆಯೋ ಪರೀಕ್ಷೆ) ಬಿಸಿಆರ್-ಎಬಿಎಲ್ ಇಳೀತಿತ್ತು, ಜೊತೆಗೆ ಕಂಟ್ರೋಲ್ ಜೀನ್, ಅಂದ್ರೆ ಹೋಲಿಕೆಗೆ ಇಟ್ಕೊಂಡಿರೋ ಜೀನ್ ಎಬಿಎಲ್ಲೂ ಇಳೀತಿತ್ತು, ನಾನು ಮೊದಲನೇದನ್ನ ಮಾತ್ರ ನೋಡ್ಕೊಂಡು ಗ್ರಾಫ್ ಹಾಕಿದ್ದೆ. ಎರಡೂ ಒಟ್ಟಿಗೆ ಇಳಿದ್ರೆ ಆರ್‌ಎನ್‌ಎನೇ ಕಮ್ಮಿ ಸಿಕ್ಕಿದೆ ಅಂತ ತಾನೇ. ಅದರ ಮೇಲೆ ಇನ್ನೊಂದು ತೊಡಕು ಮೇಡಂ ಹೇಳಿದ್ರು: ಎಬಿಎಲ್ ಪ್ರೈಮರ್‌ಗಳು (ಪಿಸಿಆರಲ್ಲಿ ಬೇಕಾದ ಜೀನನ್ನ ಹುಡುಕಿ ಹಿಡಿಯೋ ಚಿಕ್ಕ ಡಿಎನ್‌ಎ ತುಂಡು) ಮಾಮೂಲಿ ಎಬಿಎಲ್ ಜೊತೆ ಬಿಸಿಆರ್-ಎಬಿಎಲ್ಲಲ್ಲಿ ಸೇರ್ಕೊಂಡಿರೋ ಎಬಿಎಲ್ ತುಂಡನ್ನೂ ಹಿಡಿತಾವೆ, ಪೇಷಂಟ್ ಟ್ರೀಟ್ಮೆಂಟಲ್ಲಿದ್ದು ಲೆವೆಲ್ ಕಮ್ಮಿ ಇದ್ದಾಗ ಪರವಾಗಿಲ್ಲ, ಕೆ562 ಥರ ತುಂಬಿ ತುಳುಕ್ತಿರೋ ಕಡೆ ಲೆಕ್ಕ ತಪ್ಪತ್ತೆ. ಹಂಗಾಗಿ ಈಗ ಇದಕ್ಕೆ ಸಂಬಂಧವಿಲ್ಲದ ಜಿಯುಎಸ್‌ಬಿ ಅನ್ನೋ ಜೀನನ್ನ ಕಂಟ್ರೋಲ್ ಮಾಡ್ಕೊಂಡಿದ್ದೀನಿ. ಪ್ರೈಮರ್ ಬರೋಕೆ ಎರಡು ವಾರ ಕಾದೆ, ಬಂದ್ಮೇಲೆ ನೋಡಿದ್ರೆ ಬಿಸಿಆರ್-ಎಬಿಎಲ್ಲು ಜಿಯುಎಸ್‌ಬಿ ಲೆಕ್ಕದಲ್ಲಿ ಅಲ್ಲಾಡೇ ಇಲ್ಲ.

ಪಾಸಿಟಿವ್ ಕಂಟ್ರೋಲಾಗಿ, ಅಂದ್ರೆ ಕೆಲ್ಸ ಮಾಡತ್ತೆ ಅಂತ ಮೊದಲೇ ಗೊತ್ತಿರೋದನ್ನ ಹೋಲಿಕೆಗೆ ಇಡೋಕೆ, ಹೋಮೋಹ್ಯಾರಿಂಗ್ಟೋನೀನ್ ಅನ್ನೋ ಔಷಧಿ ತರ್ಸಿದ್ವಿ. ಇದೂ ಗಿಡದ್ದೇ, ಸೆಫಲೋಟ್ಯಾಕ್ಸಸ್ ಅನ್ನೋ ಸೂಚಿಪರ್ಣಿ ಜಾತಿಯದ್ದು, 2012ರಲ್ಲಿ ಅಮೆರಿಕದಲ್ಲಿ ಸಿಎಂಎಲ್‌ಗೆ ಒಪ್ಪಿಗೆ ಸಿಕ್ಕಿದೆ, ಬೇರೆ ಮಾತ್ರೆ ಕೆಲಸ ಮಾಡದವ್ರಿಗೆ. ಅದು ಸೆಲ್ಲಲ್ಲಿ ಪ್ರೋಟೀನ್ ಮಾಡೋ ಯಂತ್ರ ರೈಬೋಸೋಮಿಗೆ ಅಂಟ್ಕೊಂಡು ಪ್ರೋಟೀನ್ ತಯಾರಿನೇ ನಿಲ್ಲಿಸತ್ತೆ. ವೈರಸ್ಸಿಗೆ ಸ್ವಂತ ರೈಬೋಸೋಮ್ ಇಲ್ವಲ್ಲ, ಅದಕ್ಕೇ ಸೆಲ್ ಕಲ್ಚರಲ್ಲಿ ಕೆಲವು ವೈರಸ್ಸುಗಳನ್ನೂ ತಡೆಯತ್ತೆ. ಒಂದೇ ಏಟಿಗೆ ಎರಡೂ, ಆದ್ರೆ ಸೆಲ್ ಕೊಲ್ಲೋ ಡೋಸಿಗೂ ವೈರಸ್ ತಡೆಯೋ ಡೋಸಿಗೂ ಎಷ್ಟು ಅಂತರ ಅನ್ನೋದೇ ಪ್ರಶ್ನೆ. ನಂದು ಆ ಅಂತರನೇ ಅಳೀದೆ ಓಡಿದ ಕೇಸು.

ನೆಲಬೇವು ಇನ್ನೂ ಆಟದಲ್ಲಿದೆ. ಸೆಲ್ ಇಲ್ದೇ ಹಾಕಿದ್ರೆ ನೇರಳೆ ಮಾಡಲ್ಲ, ಅಷ್ಟರ ಮಟ್ಟಿಗೆ ಪ್ರಾಮಾಣಿಕ. ಅದರ ಕಹಿ ಆಂಡ್ರೋಗ್ರಾಫೊಲೈಡ್ ನೀರಲ್ಲಿ ಸರಿಯಾಗಿ ಕರಗಲ್ಲ, ಡಿಎಂಎಸ್‌ಒ ಅನ್ನೋ ದ್ರಾವಕದಲ್ಲಿ ಕರಗಿಸಬೇಕು, ಹಂಗಾಗಿ ಆ ದ್ರಾವಕನೇ ಏನಾದ್ರೂ ಮಾಡ್ತಿದ್ಯಾ ಅಂತ ನೋಡೋಕೆ ಬರೀ ಡಿಎಂಎಸ್‌ಒ ಹಾಕಿದ ಸಾಲು ಒಂದು ಎಕ್ಸ್‌ಟ್ರಾ. ಊರಲ್ಲಿ ಅಜ್ಜಿ ಜ್ವರ ಅಂದ್ರೆ ಇದರ ಕಷಾಯನೇ ಕುಡಿಸ್ತಿದ್ರು, ಫೋನಲ್ಲಿ ಹೇಳಿದ್ದಕ್ಕೆ "ಅದನ್ನ ಡಬ್ಬೀಲಿ ಹಾಕಿ ಪರೀಕ್ಷೆ ಬೇರೆ ಮಾಡ್ಬೇಕಾ" ಅಂದ್ರು.

ಈ ಸಲ ವೈರಸ್ ಅಳೆಯೋಕೆ ಪಿಸಿಆರ್ ಒಂದನ್ನೇ ನಂಬಲ್ಲ, ಪ್ಲಾಕ್ (ವೈರಸ್ ಸೆಲ್ಲುಗಳನ್ನ ಕೊಂದು ಮಾಡೋ ತೂತು) ಎಣಿಸೋದೇ. ಅದಕ್ಕೆ ಸೆಲ್ ಮೇಲೆ ಹಾಕೋ ಗಟ್ಟಿ ದ್ರವ ಕಲಸೋಕೆ ಹೋಗಿ ಪುಡಿನ ಒಂದೇ ಸಲ ಸುರಿದೆ, ಹಸಿ ಹಿಟ್ಟು ಬಿದ್ದ ರಾಗಿ ಮುದ್ದೆ ಥರ ಗಂಟು ಗಂಟು, ಮೂರು ಗಂಟೆ ತಿರುಗಿಸಿದ್ರೂ ಒಡೀಲಿಲ್ಲ, ಚೆಲ್ಲಿದೆ. ಎರಡನೇ ಸಲ ಅಮ್ಮ ಮುದ್ದೆಗೆ ಹಾಕೋ ಹಂಗೆ ಸ್ವಲ್ಪಸ್ವಲ್ಪನೇ ಉದುರಿಸಿ ತಿರುಗಿಸಿದೆ, ಸರಿಹೋಯ್ತು. ಮೊನ್ನೆ ಶುಕ್ರವಾರ ಅಕ್ಕ ಪ್ಲೇಟ್ ಹಾಕಿದ್ದಾರೆ, ಪ್ಲಾಕ್ ಕಾಣೋಕೆ ಒಂದು ವಾರ ಬೇಕು. ನಾಳೆ ಕೆ562 ಮೀಡಿಯಂ ಬದಲಾಯಿಸ್ಬೇಕು, ಹಳದಿ ತಿರುಗ್ತಿದೆ.