ಬಿಲ್ಲಿಗೇ ಕಟ್ಟಿದ ಬತ್ತಳಿಕೆ

ಅಕ್ಟೋಬರ್ 12, 2025, ಭಾನುವಾರ
ಲ್ಯಾನ್ಸಿಂಗ್, ಮಿಷಿಗನ್

ಮಿಷಿಗನ್ನಿನಲ್ಲಿ ಜಿಂಕೆಯ ಬಿಲ್ಲುಬೇಟೆ ಅಕ್ಟೋಬರ್ 1ರಿಂದ ಶುರುವಾಗಿದೆ. ನಾನು ಬೇಟೆಯಾಡುವವನಲ್ಲ. ಕಾಡಿನ ಹಾದಿಯಲ್ಲಿ ಅಲ್ಲಲ್ಲಿ ನಿಲ್ಲಿಸಿದ ಫೋಮಿನ ಜಿಂಕೆ, ಕರಡಿ, ಟರ್ಕಿಕೋಳಿಗಳಿಗೆ ಗುರಿಯಿಡುತ್ತಾ ನಡೆಯುವ ತ್ರೀ-ಡಿ ಬಿಲ್ಲುಗಾರಿಕೆಯಷ್ಟೇ ನನ್ನದು. ಆದರೆ ನಮ್ಮ ಕ್ಲಬ್ಬಿನ ಹೆಚ್ಚಿನವರು ಬೇಟೆಗಾರರೇ ಆದ್ದರಿಂದ, ಈ ತಿಂಗಳು ಬಂತೆಂದರೆ ಎಲ್ಲರ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಮತ್ತು ಲಾಂಗ್‌ಬೋಗಳ (ತುದಿ ಹಾಗೆ ಬಾಗದ ಉದ್ದ ಬಿಲ್ಲು) ಮೇಲೆ ಬತ್ತಳಿಕೆಗಳು ಕಾಣಿಸಿಕೊಳ್ಳುತ್ತವೆ, ಅವುಗಳ ಜೊತೆಯಲ್ಲೇ ಹಳೆಯ ವಾದವೂ ಮರಳುತ್ತದೆ: ಬತ್ತಳಿಕೆ ಬಿಲ್ಲಿನ ಮೇಲೆ ಇರಬೇಕೋ, ಬೆನ್ನಿನ ಮೇಲೋ, ಸೊಂಟದಲ್ಲೋ? ಇಂದು ಬೆಳಗಿನ ಸುತ್ತಿನಲ್ಲಿಯೂ ಇದೇ ಮಾತು ನಡೆಯಿತು. ಹೊಸದಾಗಿ ಸೇರಿದ ಒಬ್ಬ ಹುಡುಗ ಬತ್ತಳಿಕೆಯಿಲ್ಲದ ಬಿಲ್ಲಿನಲ್ಲಿ ಬೇಸಿಗೆಯಿಡೀ ಅಭ್ಯಾಸ ಮಾಡಿ, ಈ ವಾರವಷ್ಟೇ ಬತ್ತಳಿಕೆ ಕಟ್ಟಿಕೊಂಡು ಬಂದಿದ್ದ. ಅವನ ಬಾಣಗಳೆಲ್ಲ ಬಲಕ್ಕೆ ಸರಿದು ಬೀಳುತ್ತಿದ್ದವು. ತನ್ನ ಕೈಯೇ ಕೆಟ್ಟಿತೇನೋ ಎಂದು ಅವನು ಕಳವಳಪಡುತ್ತಿದ್ದುದನ್ನು ಕಂಡ ಮೇಲೆ, ಈ ವಿಷಯದಲ್ಲಿ ನನಗೆ ಗಟ್ಟಿಯಾಗಿ ತೋರಿರುವುದನ್ನು ಬರೆದಿಡಬೇಕೆನಿಸಿತು. ಬತ್ತಳಿಕೆ ಕಟ್ಟಿದ ಬಿಲ್ಲು ಬೇರೆಯದೇ ಒಂದು ಬಿಲ್ಲು. ಅದನ್ನು ಹಾಗೆಂದೇ ಒಪ್ಪಿಕೊಂಡು, ಕಟ್ಟಿದ ಸ್ಥಿತಿಯಲ್ಲೇ ಹದಗೊಳಿಸಿ, ಕಟ್ಟಿದ ಸ್ಥಿತಿಯಲ್ಲೇ ಅಭ್ಯಾಸ ಮಾಡಿದವರಿಗೆ ಅದರ ಭಾರ ತೊಂದರೆ ಕೊಡುವುದಿಲ್ಲ.

ಮಧ್ಯಾಹ್ನ ಮನೆಗೆ ಬಂದವನೇ ಅಡುಗೆಮನೆಯ ತಕ್ಕಡಿಯಲ್ಲಿ ಎಲ್ಲವನ್ನೂ ತೂಗಿ ನೋಡಿದೆ. ನನ್ನ 60 ಇಂಚಿನ ರಿಕರ್ವ್ ಬಿಲ್ಲು ಹೆದೆಯೂ ಸೇರಿ 900 ಗ್ರಾಂ ತೂಗುತ್ತದೆ. ಖಾಲಿ ಬತ್ತಳಿಕೆಯ ತೂಕ 230 ಗ್ರಾಂ. ಒಂದೊಂದು ಬಾಣ 33 ಗ್ರಾಂ, ಅಂದರೆ ಬಿಲ್ಲುಗಾರರ ಲೆಕ್ಕದಲ್ಲಿ ಸುಮಾರು 510 ಗ್ರೇನ್. ಐದು ಬಾಣಗಳನ್ನು ಸಿಕ್ಕಿಸಿದರೆ ಒಟ್ಟು 395 ಗ್ರಾಂ ಹೆಚ್ಚುವರಿ ಭಾರವಾಯಿತು, ಅದು ಬಿಲ್ಲಿನ ಸ್ವಂತ ತೂಕದ ಐದರಲ್ಲಿ ಎರಡು ಪಾಲಿಗೂ ಮಿಗಿಲು. ಈ ಭಾರ ಹಿಡಿಯ ನೇರಕ್ಕೆ ಕೂರುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ಬಲಗೈಯಲ್ಲಿ ಹೆದೆ ಸೆಳೆಯುವವರ ಬಿಲ್ಲಿನಲ್ಲಿ ಬಾಣ ಎಡಬದಿಯ ಶೆಲ್ಫಿನ (ಹಿಡಿಯ ಮೇಲುಗಡೆ ಕೊರೆದ ಪುಟ್ಟ ಅಟ್ಟ) ಮೇಲೆ ಕೂರುವುದರಿಂದ ಬತ್ತಳಿಕೆಗೆ ಉಳಿಯುವುದು ಬಲಬದಿ. ಅಲ್ಲಿ ಬಿಲ್ಲಿನ ನಡುಗೆರೆಯಿಂದ ಎರಡು ಇಂಚಿನಷ್ಟು ಆಚೆಗೆ ಬಾಣಗಳ ಸಾಲು ನಿಲ್ಲುತ್ತದೆ. ಆದ್ದರಿಂದ ಬಿಲ್ಲಿನ ಮೇಲ್ತುದಿ ತಾನಾಗಿಯೇ ಬಲಕ್ಕೆ ವಾಲಲು ನೋಡುತ್ತದೆ.

ತುದಿಗಳಲ್ಲಿ ಗಾಲಿಗಳಿರುವ ಕಾಂಪೌಂಡ್ ಬಿಲ್ಲಿನವರಿಗೆ ಇದು ದೋಷ, ಏಕೆಂದರೆ ಅವರು ಬಿಲ್ಲನ್ನು ನೆಟ್ಟಗೆ ಹಿಡಿದು ಸೈಟಿನ (ಗುರಿ ಹಿಡಿಯಲು ಬಿಲ್ಲಿಗೆ ಕೂಡಿಸಿದ ಸಾಧನ) ಮೂಲಕ ನೋಡುತ್ತಾರೆ. ನಮ್ಮ ರೂಢಿ ಬೇರೆ. ಸೈಟ್ ಇಲ್ಲದೆ, ಶೆಲ್ಫಿನ ಮೇಲಿಂದಲೇ ಬಾಣ ಬಿಡುವ ಸಾಂಪ್ರದಾಯಿಕ ಬಿಲ್ಲುಗಾರರಲ್ಲಿ ಹೆಚ್ಚಿನವರು ಬಿಲ್ಲನ್ನು ಮೊದಲೇ ಬಲಕ್ಕೆ ತುಸು ಓರೆಯಾಗಿಸುತ್ತಾರೆ. ಇದರಿಂದ ಗುರಿಯ ನೋಟ ತೆರೆದುಕೊಳ್ಳುತ್ತದೆ, ಬಾಣವೂ ಶೆಲ್ಫಿನಿಂದ ಜಾರದೆ ನಿಲ್ಲುತ್ತದೆ. ಬತ್ತಳಿಕೆಯ ಭಾರವೂ ಅದೇ ದಿಕ್ಕಿಗೆ ಎಳೆಯುವುದರಿಂದ ಅದು ಈ ಓರೆಗೆ ಅನುಕೂಲವೇ ಹೊರತು ವಿರೋಧಿಯಲ್ಲ. ತೊಂದರೆ ಬರುವುದು ಓರೆ ಎಷ್ಟು ಎಂಬುದು ಬದಲಾದಾಗ. ಭಾರವಿಲ್ಲದ ಬಿಲ್ಲಿಗೆ ಒಗ್ಗಿದ ಮಣಿಕಟ್ಟು ಭಾರ ಬಿದ್ದಾಗ ಅರಿವಿಲ್ಲದೆ ಇನ್ನಷ್ಟು ವಾಲುತ್ತದೆ, ಬಾಣ ಬಲಕ್ಕೆ ಮತ್ತು ತುಸು ಕೆಳಕ್ಕೆ ಹೋಗುತ್ತದೆ. ಆ ಹುಡುಗನಿಗೆ ಆದದ್ದೂ ಇದೇ. ಬತ್ತಳಿಕೆಯನ್ನು ಬಿಚ್ಚಿದೊಡನೆ ಅವನ ಬಾಣಗಳು ಮತ್ತೆ ನಡುವಿಗೆ ಬಂದವು. ಬಿಚ್ಚಿಟ್ಟು ಸುಮ್ಮನಾಗಬೇಡ, ಕಟ್ಟಿಕೊಂಡೇ ದಿನವೂ ಬಿಡು, ಎರಡು ವಾರದಲ್ಲಿ ಮಣಿಕಟ್ಟು ಹೊಸ ಭಾರವನ್ನು ಕಲಿಯುತ್ತದೆ ಎಂದು ಹೇಳಿ ಕಳುಹಿಸಿದೆ.

ಇನ್ನೊಂದು ಪ್ರಶ್ನೆ ಕೇಳುವವರಿದ್ದಾರೆ: ಬಾಣ ಖಾಲಿಯಾಗುತ್ತಾ ಹೋದಂತೆ ತೂಕವೂ ಇಳಿಯುತ್ತದಲ್ಲ, ಆಗ ಯಾವ ತೂಕಕ್ಕೆ ಒಗ್ಗಿಕೊಳ್ಳುವುದು? ಖಾಂಡವವನದ ಪ್ರಸಂಗದಲ್ಲಿ ಅರ್ಜುನನಿಗೆ ಗಾಂಡೀವದೊಡನೆ ದೊರೆತ ಅಕ್ಷಯ ತೂಣೀರಗಳು ಬರಿದಾಗುವುದೇ ಇಲ್ಲ. ನಮ್ಮವು ಒಂದೊಂದು ಬಾಣಕ್ಕೆ 33 ಗ್ರಾಂ ಹಗುರಾಗುತ್ತವೆ. ಆದರೆ ಸ್ವಲ್ಪ ಯೋಚಿಸಿದರೆ ಇದಕ್ಕೆ ಸುಲಭವಾದ ಪರಿಹಾರವಿದೆ. ಮೊದಲ ಬಾಣವನ್ನು ಹೆದೆಗೆ ಹೂಡುವಾಗಲೇ ಬತ್ತಳಿಕೆಯಲ್ಲಿ ಉಳಿಯುವುದು ನಾಲ್ಕು. ತ್ರೀ-ಡಿಯಲ್ಲಿ ಗುರಿಗೊಂದು ಬಾಣ ಬಿಟ್ಟು, ಅದನ್ನು ಕಿತ್ತು ತಂದು ಮತ್ತೆ ಸಿಕ್ಕಿಸಿಯೇ ಮುಂದಕ್ಕೆ ಹೋಗುತ್ತೇವೆ. ಬೇಟೆಗಾರರಿಗೂ ಲೆಕ್ಕಕ್ಕೆ ಬರುವುದು ಬಹುಪಾಲು ಮೊದಲ ಬಾಣವೇ. ಹಾಗಾಗಿ ನಾನು ಅಭ್ಯಾಸ ಮಾಡುವಾಗ ಬಿಲ್ಲಿನ ಬತ್ತಳಿಕೆಯಲ್ಲಿ ನಾಲ್ಕು ಬಾಣಗಳನ್ನು ಹಾಗೆಯೇ ಬಿಟ್ಟು, ಬಿಡುವ ಬಾಣಗಳನ್ನು ಸೊಂಟದ ಬತ್ತಳಿಕೆಯಿಂದ ತೆಗೆದುಕೊಳ್ಳುತ್ತೇನೆ. ಮುರಿದ ಅಥವಾ ಕಳೆದುಹೋದ ಬಾಣದ ಜಾಗಕ್ಕೆ ಚೀಲದಲ್ಲಿ ಒಂದೆರಡು ಹೆಚ್ಚಿಗೆ ಇಟ್ಟಿರುತ್ತೇನೆ. ಹೀಗೆ ಮಾಡಿದರೆ ಬಿಲ್ಲು ಎಂದೂ ಒಂದೇ ತೂಕದಲ್ಲಿರುತ್ತದೆ.

ಬಿಲ್ಲಿಗೆ ಕಟ್ಟುವ ಬತ್ತಳಿಕೆಯನ್ನು ಅಮೆರಿಕದ ಬೇಟೆಗಾರರ ನಡುವೆ ಬಳಕೆಗೆ ತಂದವರಲ್ಲಿ ದೊಡ್ಡ ಹೆಸರು ಫ್ರೆಡ್ ಬೇರ್ (1902–1988) ಅವರದು. ಪೆನ್ಸಿಲ್ವೇನಿಯಾದಿಂದ ಡೆಟ್ರಾಯಿಟಿಗೆ ಬಂದು ಕಾರು ಕಾರ್ಖಾನೆಯಲ್ಲಿ ಅಚ್ಚಿನ ಮಾದರಿ ಮಾಡುತ್ತಿದ್ದ ಅವರು, 1927ರಲ್ಲಿ ಬಿಲ್ಲುಗಾರ ಆರ್ಟ್ ಯಂಗ್ ಅವರ ಅಲಾಸ್ಕಾ ಬಿಲ್ಲುಬೇಟೆಯ ಚಲನಚಿತ್ರವನ್ನು ಕಂಡು ಬಿಲ್ಲಿಗೆ ಒಲಿದವರು. 1933ರಲ್ಲಿ ಅಲ್ಲಿಯೇ ಶುರುವಾದ ಅವರ ಕಂಪನಿ 1947ರಲ್ಲಿ ಗ್ರೇಲಿಂಗಿಗೆ ಸ್ಥಳಾಂತರವಾಯಿತು. ಅದು ನಮ್ಮೂರಿನಿಂದ ಉತ್ತರಕ್ಕೆ ಎರಡು ಗಂಟೆಗೂ ಹೆಚ್ಚಿನ ಹಾದಿ. ಬೇರ್ ಅವರ ಬೇಟೆಯ ಚಿತ್ರಗಳಲ್ಲಿ ಎಡಗೈಯವರ ರಿಕರ್ವ್ ಬಿಲ್ಲು, ಅದರ ಮೇಲೊಂದು ಬತ್ತಳಿಕೆ, ಓರೆಯಾದ ಹಿಡಿತ, ಇವು ಮೂರೂ ಜೊತೆಯಾಗಿಯೇ ಕಾಣಿಸುತ್ತವೆ. ಅದೇ ಕಾಲದ ಇನ್ನೊಬ್ಬ ಮಹಾ ಬಿಲ್ಲುಗಾರ ಹೊವರ್ಡ್ ಹಿಲ್ (1899–1975) ಲಾಂಗ್‌ಬೋ ಮತ್ತು ಬೆನ್ನಿನ ಬತ್ತಳಿಕೆಯನ್ನು ಬಿಡಲಿಲ್ಲ. ಇವತ್ತಿಗೂ ನಮ್ಮ ಕ್ಲಬ್ಬಿನ ವಾದದಲ್ಲಿ ಒಂದು ಪಕ್ಷ ಬೇರ್ ಅವರದು, ಇನ್ನೊಂದು ಹಿಲ್ ಅವರದು.

ಬೆನ್ನಿನ ಬತ್ತಳಿಕೆಯ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಹಳೇಬೀಡಿನ ಗೋಡೆಯ ಮೇಲಿನ ಯುದ್ಧದ ಸಾಲುಗಳಲ್ಲಿ ಬಿಲ್ಲಾಳುಗಳ ಹೆಗಲ ಹಿಂದೆ ಬತ್ತಳಿಕೆಯನ್ನು ನೋಡಿ ಬೆಳೆದವನಿಗೆ ಬತ್ತಳಿಕೆಯೆಂದರೆ ಕಣ್ಣಿಗೆ ಬರುವುದು ಅದೇ. ಬಯಲಿನಲ್ಲಿ ನಿಂತು ಒಂದರ ಹಿಂದೆ ಒಂದು ಬಾಣ ಬಿಡಬೇಕಾದವನಿಗೆ ಅದಕ್ಕಿಂತ ವೇಗವಾದದ್ದಿಲ್ಲ. ಆದರೆ ಮಿಷಿಗನ್ನಿನ ಕಾಡಿನಲ್ಲಿ ತಗ್ಗಿದ ಕೊಂಬೆಯ ಕೆಳಗೆ ಬಗ್ಗಿದರೆ ಬಾಣಗಳು ಮುಂದಕ್ಕೆ ಜಾರುತ್ತವೆ, ಗರಿಗಳು ಪೊದೆಗೆ ಸಿಕ್ಕಿಕೊಳ್ಳುತ್ತವೆ, ನಡೆದಂತೆಲ್ಲ ಬಾಣಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಬ್ರಾಡ್‌ಹೆಡ್ (ಬೇಟೆಗೆ ಬಳಸುವ ಹರಿತ ಅಲಗಿನ ಮೊನೆ) ಹಾಕಿದ್ದರೆ ಅಲಗುಗಳು ಪರಸ್ಪರ ಉಜ್ಜಿ ಮೊಂಡಾಗುತ್ತವೆ. ಜಿಂಕೆ ಕಣ್ಣೆದುರಿಗೆ ನಿಂತಿರುವಾಗ ಹೆಗಲ ಮೇಲಿಂದ ಕೈಯೆತ್ತುವುದಂತೂ ಆಗದ ಮಾತು. ಸೊಂಟದ ಬತ್ತಳಿಕೆ ಬಯಲಿನ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು, ಮುಳ್ಳುಕಂಟಿಯಲ್ಲಿ ಮಾತ್ರ ಅದು ಹೆಜ್ಜೆಹೆಜ್ಜೆಗೂ ತೊಡರುತ್ತದೆ. ಬಿಲ್ಲಿನ ಮೇಲಿನ ಬತ್ತಳಿಕೆಯಲ್ಲಾದರೆ ಬಾಣ ಸದಾ ಎದುರಿಗಿರುತ್ತದೆ, ಬಿಲ್ಲು ಹೋದಲ್ಲಿ ಬಾಣವೂ ಹೋಗುತ್ತದೆ, ಎರಡನೆಯ ಬಾಣಕ್ಕೆ ಕೈ ಒಂದು ಗೇಣು ಸರಿದರೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ ಮೇಲಿನ ಗಟ್ಟಿ ಟೊಪ್ಪಿಗೆಯೊಳಗೆ ಅಲಗುಗಳು ಪೂರ್ತಿ ಮುಚ್ಚಿರುತ್ತವೆ. ಕ್ಷೌರದ ಕತ್ತಿಯಷ್ಟು ಹರಿತವಾದ ಬ್ರಾಡ್‌ಹೆಡ್ ಹಿಡಿದು ಎಡವಿ ಬಿದ್ದವನಿಗೆ ಆಗಬಹುದಾದ ಅಪಾಯವನ್ನು ನೆನೆದರೆ, ಈ ಒಂದು ಕಾರಣವೇ ಸಾಕು. ಅಲಗಿನ ಹಿಂಬದಿಯ ಅಂಚು ಟೊಪ್ಪಿಗೆಯಿಂದ ಕೂದಲೆಳೆಯಷ್ಟು ಹೊರಗೆ ಕಂಡರೂ ಆ ಬತ್ತಳಿಕೆ ಆ ಬಾಣಕ್ಕೆ ತಕ್ಕುದಲ್ಲ.

ಕಟ್ಟುವ ಜಾಗದ ಬಗ್ಗೆ ಎರಡು ಮಾತು. ಕೆಲವು ಬತ್ತಳಿಕೆಗಳು ರೈಸರಿನಲ್ಲಿ (ಬಿಲ್ಲಿನ ಗಟ್ಟಿ ನಡುಭಾಗ) ಮೊದಲೇ ಕೂಡಿಸಿದ ಲೋಹದ ತಿರುಪಿನ ಗೂಡುಗಳಿಗೆ ಬಿಗಿಯುತ್ತವೆ, ಕೆಲವು ಬಿಚ್ಚಿ ಜೋಡಿಸುವ ಬಿಲ್ಲಿನ ಲಿಂಬ್ (ಬಾಗುವ ತೋಳು) ಬೋಲ್ಟಿನಡಿ ಕೂರುತ್ತವೆ, ಇನ್ನು ಕೆಲವು ರಬ್ಬರ್ ಪಟ್ಟಿಯಿಂದ ಲಿಂಬಿಗೆ ಕಟ್ಟುವಂಥವು. ಮೊದಲೆರಡರಲ್ಲಿ ಜಾಗ ನಿಶ್ಚಿತ. ಪಟ್ಟಿಯದರಲ್ಲಿ ಟೊಪ್ಪಿಗೆ ಮೇಲಿನ ಲಿಂಬಿಗೂ, ಬಾಣ ಹಿಡಿಯುವ ರಬ್ಬರು ಕೆಳಗಿನ ಲಿಂಬಿಗೂ ಬಿಡಿಬಿಡಿಯಾಗಿ ಬರುತ್ತವೆ. ಇವನ್ನು ರೈಸರ್ ಮುಗಿದು ಲಿಂಬ್ ತೆಳುವಾಗತೊಡಗುವಲ್ಲಿ, ಇನ್ನೂ ಬಾಗದ ಭಾಗದಲ್ಲಿ ಕಟ್ಟಬೇಕು. ಅಲ್ಲಿಂದ ತುದಿಯ ಕಡೆಗೆ ಸರಿಸಿದಷ್ಟೂ ಆ ಭಾರ ಲಿಂಬಿನೊಡನೆ ಓಡಾಡುತ್ತದೆ, ಬಿಲ್ಲಿನ ವೇಗ ಕುಂದುತ್ತದೆ. ಎರಡು ತುದಿಗಳ ಭಾರ ಸಮನಾಗಿಲ್ಲದಿದ್ದರೆ ಹೆದೆಯ ಮೇಲೆ ನಾಕ್ (ಬಾಣದ ಹಿಂತುದಿಯ ಸೀಳು) ಕೂರುವ ಬಿಂದುವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಆದ್ದರಿಂದಲೇ ಹೆದೆಯ ಎತ್ತರ (ಹಿಡಿಯಿಂದ ಹೆದೆಗಿರುವ ಅಂತರ), ನಾಕಿನ ಬಿಂದು, ಬಾಣದ ಗಡಸು ಎಲ್ಲವನ್ನೂ ಬತ್ತಳಿಕೆ ಕಟ್ಟಿದ ಮೇಲೆಯೇ ನೋಡಬೇಕು. ಮೊದಲು ಬಿಲ್ಲು ಹದಗೊಳಿಸಿ ಕೊನೆಗೆ ಬತ್ತಳಿಕೆ ಸೇರಿಸಿದರೆ ಮಾಡಿದ ಕೆಲಸವನ್ನು ಮತ್ತೆ ಮಾಡಬೇಕು.

ಸದ್ದಿನ ವಿಷಯಕ್ಕೆ ಇಂದು ಸಂಜೆಯೆಲ್ಲ ಹಿಡಿಯಿತು, ಅದು ಅಷ್ಟಕ್ಕೆ ಅರ್ಹವೂ ಹೌದು. ಬಾಣ ಬಿಟ್ಟಾಗ ಬಿಲ್ಲಿನಲ್ಲಿ ಉಳಿದ ಶಕ್ತಿ ನಡುಕವಾಗಿ ಬತ್ತಳಿಕೆಗೆ ದಾಟುತ್ತದೆ, ಅಲ್ಲಿ ಸಡಿಲವಾದದ್ದೆಲ್ಲ ಮಾತಾಡತೊಡಗುತ್ತದೆ. ಮನೆಯ ಗದ್ದಲ ಅಡಗಿದ ಮೇಲೆ ಬಿಲ್ಲಿನ ಹಿಡಿಯನ್ನು ಹಗುರಾಗಿ ಹಿಡಿದು, ಬಾಣ ಹೂಡದೆ ಹೆದೆಯನ್ನು ಬೆರಳಿನಿಂದ ಮೆಲ್ಲಗೆ ಮೀಟಿ ಕೇಳಿದೆ. ಹೆದೆಯ ಸ್ವರದ ಹಿಂದೆ ಒಂದು ಸಣ್ಣ ಝೇಂಕಾರವಿತ್ತು. ಬಾಣಗಳನ್ನು ಒಂದೊಂದಾಗಿ ತೆಗೆಯುತ್ತಾ ಮೀಟಿದಾಗ ಎರಡನೆಯದೂ ಮೂರನೆಯದೂ ಜೊತೆಗಿರುವಾಗ ಮಾತ್ರ ಆ ಸದ್ದು ಬರುತ್ತದೆಂದು ತಿಳಿಯಿತು. ದೀಪದ ಬೆಳಕಿಗೆ ಹಿಡಿದು ನೋಡಿದರೆ, ಎರಡನೆಯ ಬಾಣದ ಕೆಳಗರಿಯ ಅಂಚು ಮೂರನೆಯದರ ಗರಿಗೆ ಎಳೆಯಷ್ಟು ತಾಗಿಕೊಂಡಿತ್ತು. ಮೂರನೆಯ ಬಾಣವನ್ನು ರಬ್ಬರಿನಲ್ಲಿ ಕಾಲು ಸುತ್ತು ತಿರುಗಿಸಿ ಬಣ್ಣದ ಗರಿ ಹೊರಮುಖವಾಗುವಂತೆ ಮಾಡಿದೊಡನೆ ಝೇಂಕಾರ ನಿಂತಿತು. ಬಾಣದ ಗರಿಗಳು ನಿಜವಾದ ಹಕ್ಕಿಯ ಗರಿಗಳಾಗಿರಬೇಕಾದ್ದರಿಂದ (ಶೆಲ್ಫಿನ ಮೇಲಿಂದ ಬಿಡುವಾಗ ಪ್ಲಾಸ್ಟಿಕ್ ರೆಕ್ಕೆ ಮಡಚದೆ ಬಾಣವನ್ನೇ ತಳ್ಳಿಬಿಡುತ್ತದೆ) ಈ ತೊಡಕು ನಮಗೇ ಹೆಚ್ಚು.

ಟೊಪ್ಪಿಗೆಯೊಳಗಿನ ಫೋಮು ಸವೆದು ಮೊನೆ ಆಡುವಂತಾಗಿದ್ದರೆ ಟಕ್ ಎಂಬ ಸದ್ದು, ತಿರುಪು ಸಡಿಲವಾಗಿದ್ದರೆ ಲೋಹದ ಸಣ್ಣ ಗಿರಗಿರ. ಇವೆರಡನ್ನೂ ಕಿವಿಯೇ ಬೇರ್ಪಡಿಸುತ್ತದೆ. ಬಾಣ ಹಿಡಿಯುವ ರಬ್ಬರಿನ ಅಳತೆಯನ್ನು ಬಹಳ ಜನ ಮರೆಯುತ್ತಾರೆ. 11/32 ಅಥವಾ 23/64 ಇಂಚಿನ ಮರದ ಬಾಣಕ್ಕೆಂದು ಮಾಡಿದ ಸೀಳಿನಲ್ಲಿ ಸಣ್ಣ ಕಾರ್ಬನ್ ಬಾಣ ಸಡಿಲವಾಗಿ ನಿಲ್ಲುತ್ತದೆ. ಚಳಿ ಹೆಚ್ಚಾದಾಗ ರಬ್ಬರು ಗಡುಸಾಗಿ ಬಾಣವನ್ನು ಕೀಳುವಾಗ ಕಿರುಗುಟ್ಟುತ್ತದೆ, ಡಿಸೆಂಬರಿನ ಬೇಟೆಗಾರರು ಇದನ್ನು ಮನೆಯ ಹೊರಗೆ ಚಳಿಯಲ್ಲಿಯೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ರಬ್ಬರಿಗೂ ಟೊಪ್ಪಿಗೆಗೂ ನಡುವಿನ ಅಂತರ ಹೆಚ್ಚಿದ್ದಷ್ಟೂ ಬಾಣದ ಹಿಂತುದಿ ನಡುಗುವುದು ಕಡಿಮೆ. ಬಿಡಿಬಿಡಿಯಾಗಿ ಕಟ್ಟುವ ಬತ್ತಳಿಕೆ ಪುಟ್ಟ ಒಂಟಿ ಚೌಕಟ್ಟಿನದಕ್ಕಿಂತ ಮೌನವಾಗಿರುವುದಕ್ಕೆ ಇದೇ ಕಾರಣವೆಂದು ನನ್ನ ಎಣಿಕೆ.

ಇದರ ಕುಂದುಗಳನ್ನೂ ಬರೆಯಬೇಕು. ಅಡ್ಡಗಾಳಿ ಬೀಸಿದಾಗ ಸಾಲಾಗಿ ನಿಂತ ಬಾಣಗಳ ಗರಿಗಳು ಗಾಳಿಯನ್ನು ಹಿಡಿದು ಬಿಲ್ಲನ್ನು ತಳ್ಳುತ್ತವೆ. ಮಳೆಯಲ್ಲಿ ಗರಿಗಳು ತೆರೆದೇ ಇರುವುದರಿಂದ ನೆನೆದು ಮುದುಡುತ್ತವೆ, ನೀರು ಹೀರದ ಪುಡಿ ತಿಕ್ಕಿದರೂ ಇಡೀ ದಿನದ ಸೋನೆಗೆ ಅದು ಸಾಲದು. ಹೆದೆ ಬಿಚ್ಚಿದ ಬಿಲ್ಲು 12.2 ಸೆಂಟಿಮೀಟರ್ ಒಳವ್ಯಾಸದ ಬಳೆಯೊಳಗೆ ತೂರಬೇಕೆಂಬ, ಅಂತರರಾಷ್ಟ್ರೀಯ ಒಕ್ಕೂಟವಾದ ವರ್ಲ್ಡ್ ಆರ್ಚರಿಯ ಬೇರ್‌ಬೋ (ಸೈಟಿಲ್ಲದ ಬಿಲ್ಲಿನ ವಿಭಾಗ) ನಿಯಮದಂಥ ಕಡೆ ಇದಕ್ಕೆ ಜಾಗವಿಲ್ಲ. ಇನ್ನು, ಪ್ಲಾಸ್ಟಿಕ್ ಟೊಪ್ಪಿಗೆ ಸಾಂಪ್ರದಾಯಿಕವಲ್ಲ ಎನ್ನುವ ಹಿರಿಯರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಅವರ ಕೈಯಲ್ಲಿರುವ ಬಿಲ್ಲಿನ ಹೊಟ್ಟೆ ಬೆನ್ನುಗಳಿಗೆ (ಒಳ ಹೊರ ಮೈಗಳಿಗೆ) ಅಂಟಿಸಿರುವುದು ಫೈಬರ್‌ಗ್ಲಾಸ್, ಅದರ ಹೆದೆಯೂ ಪಾಲಿಯೆಸ್ಟರಿನದು. ಸೈಟಿಲ್ಲದೆ, ಗಾಲಿಯಿಲ್ಲದೆ, ಕಣ್ಣು ಮತ್ತು ಬೆನ್ನಿನ ಬಲದಿಂದ ಬಾಣ ಬಿಡುವುದೇ ನಮ್ಮ ಸಂಪ್ರದಾಯದ ತಿರುಳು, ಅದಕ್ಕೆ ಬತ್ತಳಿಕೆ ಎಲ್ಲಿದ್ದರೂ ಕೊರತೆಯಿಲ್ಲ.

ಆ ಹಿರಿಯರಲ್ಲೊಬ್ಬರು ಇಂದು ಒಂದು ನ್ಯಾಯವಾದ ಆಕ್ಷೇಪ ಎತ್ತಿದರು: ಲಾಂಗ್‌ಬೋ ರಿಕರ್ವಿನಷ್ಟು ತೂಕದ್ದಲ್ಲ, ಹಗುರ ಬಿಲ್ಲಿಗೆ ಇಷ್ಟು ಭಾರ ತಾಳುತ್ತದೆಯೇ? ನನ್ನ ಲಾಂಗ್‌ಬೋ 600 ಗ್ರಾಮಿನದು, ಅದರ ಮೇಲೆ 395 ಗ್ರಾಂ ಹೇರಿದರೆ ಅದರ ಹಗುರತನವೇ ಹೋಗುತ್ತದೆ ಎಂಬುದು ನಿಜ. ಬಾಣ ಬಿಟ್ಟ ಮೇಲೆ ಕೈಗೆ ತಾಗುವ ಅದರ ಹೊಡೆತ ಆ ಭಾರದಿಂದ ಕಡಿಮೆಯಾಗುತ್ತದೆಂಬ ಲಾಭವೂ ಅಷ್ಟೇ ನಿಜ. ಮೂರು ಬಾಣದ, ಪಟ್ಟಿಯಿಂದ ಕಟ್ಟುವ ಚಿಕ್ಕ ಬತ್ತಳಿಕೆಯೊಂದನ್ನು ಅವರೇ ನನಗೆ ಎರವಲು ಕೊಟ್ಟಿದ್ದಾರೆ. ಮುಂದಿನ ಭಾನುವಾರದ ಸುತ್ತಿಗೆ ಅದನ್ನು ಲಾಂಗ್‌ಬೋಗೆ ಕಟ್ಟಿ, ಎರಡು ಬಾಣ ಉಳಿಸಿಕೊಂಡು 20 ಗಜದಿಂದ ಬಿಟ್ಟು ನೋಡುತ್ತೇನೆ.