ಹಳೇ ಮಿನಿಗೆ ಒಂದೇ ಕಾರ್ಬ್ಯುರೇಟರ್ ಸಾಕು

1959ರಿಂದ 2000ರವರೆಗೆ ಬಂದ ಬ್ರಿಟನ್ನಿನ ಪುಟ್ಟ ಕಾರು ಹಳೇ ಮಿನಿಯ ಎ-ಸೀರೀಸ್ ಎಂಜಿನ್ನಿಗೆ ಸ್ವಲ್ಪ ಪಿಕಪ್ ಬೇಕು ಅಂತ ಹೊರಟವರು ಮೊದಲು ಕೇಳುವುದು ಜೋಡಿ ಕಾರ್ಬ್ಯುರೇಟರ್ (ಗಾಳಿ, ಪೆಟ್ರೋಲ್ ಬೆರೆಸುವ ಭಾಗ), ಇಲ್ಲವೇ ವೆಬರ್ ಕಂಪನಿಯ ದೊಡ್ಡ ಕಾರ್ಬ್ಯುರೇಟರ್. ಬಾನೆಟ್ ಎತ್ತಿದಾಗ ನೋಡಲು ಚೆಂದ, ಒಪ್ಪೋಣ. ಆದರೆ ರಸ್ತೆಯಲ್ಲಿ ದಿನಾ ಓಡುವ ಗಾಡಿಗೆ ಎಸ್‌ಯು ಕಂಪನಿಯ, ಒಂದು ಅಳತೆ ದೊಡ್ಡದಾದ ಒಂಟಿ ಕಾರ್ಬ್ಯುರೇಟರ್ ಸಾಕು. ಮಿನಿಯ ವೇಗದ ಮಾದರಿ, ಹಳೆಯ ಕೂಪರ್ ಎಸ್ 1275, ಎಸ್‌ಯುವಿನ ಎರಡು ಸಣ್ಣ ಎಚ್‌ಎಸ್2 ಇಟ್ಟುಕೊಂಡು 76 ಬಿಎಚ್‌ಪಿ ಕೊಡುತ್ತಿತ್ತು. ಅಷ್ಟೇ ಸಿಸಿಯ ಎಂಜಿ ಮೆಟ್ರೊ ಎಸ್‌ಯುವಿನದೇ ಒಂದೇ ಒಂದು ದೊಡ್ಡ ಎಚ್‌ಐಎಫ್44ರಲ್ಲಿ 72 ಕೊಟ್ಟಿತು. ಎರಡರ ಕ್ಯಾಮ್ (ವಾಲ್ವ್ ತೆರೆಯುವ ಭಾಗ), ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಭಾಗ) ಬೇರೆ, ಹಾಗಾಗಿ ತಕ್ಕಡಿಯಲ್ಲಿಟ್ಟು ತೂಗುವಂತಿಲ್ಲ. ಆದರೂ ಎರಡನೇ ಕಾರ್ಬ್ಯುರೇಟರಿನಿಂದ ಲಾಭ ಎಷ್ಟು ಅಂತ ಅಂದಾಜು ಸಿಗುತ್ತದೆ.

ಕಾರಣ ಹೆಡ್ಡಿನಲ್ಲಿದೆ. ನಾಲ್ಕು ಸಿಲಿಂಡರಿಗೆ ಇನ್‌ಲೆಟ್ ಪೋರ್ಟ್ (ಮಿಶ್ರಣ ಒಳಗೆ ಹೋಗುವ ದಾರಿ) ಎರಡೇ: 1, 2ಕ್ಕೆ ಒಂದು, 3, 4ಕ್ಕೆ ಇನ್ನೊಂದು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳ ಸರದಿ, 1-3-4-2. ಹಾಗಾಗಿ 3 ಎಳೆಯಲು ಶುರುಮಾಡಿ ಕ್ರ್ಯಾಂಕ್ 180 ಡಿಗ್ರಿ ತಿರುಗುವಷ್ಟರಲ್ಲಿ 4 ಶುರು, ಆಮೇಲೆ ಮತ್ತೆ 3ರ ಸರದಿ ಬರುವುದು 540 ಡಿಗ್ರಿ ಆದ ಮೇಲೆ. ಆ ಕಡೆ 2 ಆದ ಕೂಡಲೇ 1. ಇನ್‌ಲೆಟ್ ವಾಲ್ವ್ 180 ಡಿಗ್ರಿಗಿಂತ ಹೆಚ್ಚು ಹೊತ್ತು ತೆರೆದಿರುವುದರಿಂದ, ಮೊದಲನೆಯದು ಮುಚ್ಚುವ ಮುಂಚೆಯೇ ಎರಡನೆಯದು ತೆರೆದು ಅದರ ಪಾಲಿಗೆ ಕೈ ಹಾಕುತ್ತದೆ. ಹೊರಗೆ ಎಷ್ಟು ಕಾರ್ಬ್ಯುರೇಟರ್ ಸಾಲಾಗಿ ಕೂರಿಸಿದರೂ ಈ ಜಗಳ ಹೆಡ್ಡಿನೊಳಗೇ ನಡೆಯುತ್ತದೆ.

998 ಸಿಸಿಗೆ ಬೇಕಾದ ಸಾಮಾನು ಇಷ್ಟು: ಒಂದೂವರೆ ಇಂಚಿನ ಎಚ್‌ಎಸ್4, ಬಿಸಿನೀರು ಹಾಯುವ ಅಲ್ಯೂಮಿನಿಯಂ ಇನ್‌ಲೆಟ್ ಮ್ಯಾನಿಫೋಲ್ಡ್ (ಕಾರ್ಬ್ಯುರೇಟರಿನಿಂದ ಹೆಡ್ಡಿಗೆ ಹೋಗುವ ಕವಲು ಪೈಪ್), ಎಲ್‌ಸಿಬಿ (ನಡುವಿನ ಕವಲು ಉದ್ದವಿರುವ) ಎಗ್ಸಾಸ್ಟ್ ಮ್ಯಾನಿಫೋಲ್ಡ್, ಅದಕ್ಕೆ ತಕ್ಕ ಸೈಲೆನ್ಸರ್, ಕೋನ್ ಫಿಲ್ಟರ್, ಎಎಎ ಗುರುತಿನ ನೀಡಲ್ (ಪೆಟ್ರೋಲ್ ಎಷ್ಟು ಹೋಗಬೇಕೆಂದು ತೀರ್ಮಾನಿಸುವ ಸೂಜಿ), ಕೆಂಪು ಸ್ಪ್ರಿಂಗ್. 1275ಕ್ಕಾದರೆ ಎಚ್‌ಐಎಫ್44. ಹಳೇ ಗಾಡಿಯಲ್ಲಿ ಇನ್‌ಲೆಟ್, ಎಗ್ಸಾಸ್ಟ್ ಎರಡೂ ಒಂದೇ ಎರಕದ ಕಬ್ಬಿಣದ ತುಂಡಾಗಿದ್ದರೆ, ಎಗ್ಸಾಸ್ಟಿನ ಕಾವೇ ಇನ್‌ಲೆಟ್ಟನ್ನು ಬಿಸಿ ಮಾಡುತ್ತಿತ್ತು. ಬೇರೆ ಮಾಡಿದ ಮೇಲೆ ಆ ಕೆಲಸ ಹೀಟರ್ ನೀರಿನದು. ಬ್ರಿಟನ್ನಿನ ತೇವದ ಚಳಿಯಲ್ಲಿ ಈ ನೀರಿನ ಪೈಪ್ ಜೋಡಿಸದೆ ಬಿಟ್ಟರೆ ಕಾರ್ಬ್ಯುರೇಟರಿನೊಳಗೆ ಮಂಜುಗಟ್ಟಿ ಎಂಜಿನ್ ದಾರಿಯಲ್ಲೇ ಸೊರಗುತ್ತದೆ.

ಕೂರಿಸುವಾಗ ಹೆಚ್ಚಿನವರು ಎಡವುವುದು ಮ್ಯಾನಿಫೋಲ್ಡ್ ವಾಷರಿನಲ್ಲಿ. ಇನ್‌ಲೆಟ್, ಎಗ್ಸಾಸ್ಟ್ ಎರಡನ್ನೂ ಒಂದೇ ದಪ್ಪ ವಾಷರ್ ಅಮುಕಿ ಹಿಡಿಯಬೇಕು. ಎಲ್‌ಸಿಬಿಯ ಫ್ಲ್ಯಾಂಜ್ (ಹೆಡ್ಡಿಗೆ ಕೂರುವ ಅಂಚು) ಒಂದು ಮಿಲಿಮೀಟರ್ ಹೆಚ್ಚು ದಪ್ಪ ಇದ್ದರೂ ವಾಷರ್ ಓರೆಯಾಗಿ, ಎಗ್ಸಾಸ್ಟ್ ಬಿಗಿ, ಇನ್‌ಲೆಟ್ ಸಡಿಲ. ಕ್ಯಾಲಿಪರಿನಲ್ಲಿ ಎರಡೂ ಫ್ಲ್ಯಾಂಜ್ ಅಳೆದು, ದಪ್ಪಗಿರುವುದನ್ನು ಅರದಿಂದ ಉಜ್ಜಿ, ಇಲ್ಲವೇ ವಾಷರಿಗೇ ಮೆಟ್ಟಿಲು ಕೊರೆಸಿ ಸಮ ಮಾಡಿ. ಇನ್ನೊಂದು, ಕೆಲವು ಹೆಡ್ಡುಗಳ ಇನ್‌ಲೆಟ್ ಪೋರ್ಟಿನಲ್ಲಿ ಸಣ್ಣ ಉಕ್ಕಿನ ರಿಂಗ್ ಕೂತಿರುತ್ತದೆ. ಹೊಸ ಮ್ಯಾನಿಫೋಲ್ಡಿನಲ್ಲಿ ಅದಕ್ಕೆ ತೋಡು ಕೊರೆದಿರದಿದ್ದರೆ ಫ್ಲ್ಯಾಂಜ್ ಗ್ಯಾಸ್ಕೆಟ್ಟಿಗೆ ತಾಗುವುದೇ ಇಲ್ಲ. ರಿಂಗ್ ತೆಗೆಯಿರಿ ಅಥವಾ ಮ್ಯಾನಿಫೋಲ್ಡಿನಲ್ಲಿ ಜಾಗ ಮಾಡಿಸಿ. ನಟ್ಟುಗಳಿಗೆ 19 ಎನ್‌ಎಂ ಸಾಕು. ನಾಲ್ಕೈದು ಸಲ ಎಂಜಿನ್ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಿ.

ಎಸ್‌ಯು ಕೆಲಸ ಮಾಡುವುದು ಡ್ಯಾಶ್‌ಪಾಟ್ ಎಂಬ ಗುಮ್ಮಟದೊಳಗಿನ ಪಿಸ್ಟನ್ ಏಳುವುದರಿಂದ; ಅದಕ್ಕೆ ಕೂರಿಸಿದ ನೀಡಲ್ ಕೆಳಗಿನ ಜೆಟ್ ಎಂಬ ತೂತಿನಿಂದ ಮೇಲೆದ್ದಷ್ಟೂ ಪೆಟ್ರೋಲ್ ಹೆಚ್ಚು. ಪಿಸ್ಟನ್ನಿನ ಮೇಲೆ ವ್ಯಾಕ್ಯೂಮ್, ಕೆಳಗೆ ಹೊರಗಿನ ಗಾಳಿ. ಆ ಹೊರಗಿನ ಗಾಳಿ ಬರುವುದು ಫಿಲ್ಟರ್ ಕೂರುವ ಮುಖದಲ್ಲಿರುವ ಸಣ್ಣ ತೂತುಗಳಿಂದ. ಕೋನ್ ಫಿಲ್ಟರಿನ ತಟ್ಟೆಯಲ್ಲೂ ಗ್ಯಾಸ್ಕೆಟ್ಟಿನಲ್ಲೂ ಅದಕ್ಕೆ ಸರಿಯಾಗಿ ತೂತು ಇರಲೇಬೇಕು. ಗ್ಯಾಸ್ಕೆಟ್ ತಲೆಕೆಳಗಾದರೆ ಆ ದಾರಿ ಬಂದ್. ಪಿಸ್ಟನ್ ಪೂರ್ತಿ ಏಳದೆ, ಎಂಜಿನ್ ಅರ್ಧ ಥ್ರಾಟಲ್‌ವರೆಗೆ ಚೆನ್ನಾಗಿ ಎಳೆದು ಆಮೇಲೆ ಕೈಕೊಡುತ್ತದೆ. ಜನ ಆಗ ನೀಡಲ್ ಬದಲಿಸುತ್ತಾ ಕೂರುತ್ತಾರೆ! ಹೊಸ ಫಿಲ್ಟರ್ ಹಾಕಿದ ಮೇಲೆ ತೊಂದರೆ ಶುರುವಾಗಿದ್ದರೆ ಮೊದಲು ಈ ತೂತು ನೋಡಿ.

ಸ್ಪ್ರಿಂಗುಗಳ ತುದಿಗೆ ಬಣ್ಣ ಬಳಿದಿರುತ್ತಾರೆ: ನೀಲಿ ಎರಡೂವರೆ ಔನ್ಸ್, ಕೆಂಪು ನಾಲ್ಕೂವರೆ, ಹಳದಿ 8, ಹಸಿರು 12. ಗಟ್ಟಿ ಸ್ಪ್ರಿಂಗ್ ಹಾಕಿದರೆ ಪಿಸ್ಟನ್ ಕಡಿಮೆ ಏಳುತ್ತದೆ, ಅಷ್ಟೇ ಗಾಳಿಗೆ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು) ಆಗುತ್ತದೆ. ಹಾಗಂತ ನೀಡಲ್ ತಪ್ಪನ್ನು ಸ್ಪ್ರಿಂಗಿನಿಂದ ಮುಚ್ಚಲು ಹೋಗಬೇಡಿ. ನೀಡಲ್ಲನ್ನು ತುದಿಯವರೆಗೆ ಎಂಟನೇ ಒಂದು ಇಂಚಿಗೊಂದರಂತೆ ಅಳೆದ ಪಟ್ಟಿ ಸಿಗುತ್ತದೆ. ಮೊದಲ ಎರಡು ಮೂರು ಅಳತೆ ಐಡ್ಲಿಂಗ್, ನಡುವಿನವು ಸಾಮಾನ್ಯ ಓಟ, ಕೊನೆಯವು ಪೂರ್ತಿ ಥ್ರಾಟಲ್. ತೆಳುವಾದಷ್ಟೂ ಪೆಟ್ರೋಲ್ ಜಾಸ್ತಿ. ಸ್ಪ್ರಿಂಗ್ ಇರುವ ಓರೆ ನೀಡಲ್ ಆದರೆ ಅದನ್ನು ಹಿಡಿದಿರುವ ಗೈಡ್ ಪಿಸ್ಟನ್ನಿನ ಮುಖಕ್ಕೆ ಸಮವಾಗಿರಲಿ.

ಟ್ಯೂನಿಂಗಿಗೆ ಇಳಿಯುವ ಮುನ್ನ ಟ್ಯಾಪೆಟ್ ಗ್ಯಾಪ್ ತಣ್ಣಗಿರುವಾಗ 0.012 ಇಂಚು ಇರಲಿ, ಪಾಯಿಂಟ್, ಟೈಮಿಂಗ್ ಸರಿ ಇರಲಿ. ಆಮೇಲೆ ಪಿಸ್ಟನ್ ಬೆರಳಿನಿಂದ ಎತ್ತಿ ಬಿಡಿ. ಟಕ್ ಅಂತ ಬ್ರಿಡ್ಜಿಗೆ (ಜೆಟ್ ಇರುವ ಕೆಳಗಿನ ದಿಬ್ಬ) ಬಡಿಯಬೇಕು. ಸದ್ದು ಇಲ್ಲದಿದ್ದರೆ ಜೆಟ್ ಸೆಂಟರ್ ಇಲ್ಲ ಅಥವಾ ಕೊಳೆ ಇದೆ. ಪೆಟ್ರೋಲ್ ಮಟ್ಟ ಕಾಯುವ ಫ್ಲೋಟಿನ ಮುಚ್ಚಳ ಬೋರಲು ಹಾಕಿ, ಅದಕ್ಕೂ ಫ್ಲೋಟಿಗೂ ನಡುವೆ 3.2 ಮಿಮೀ ಕಡ್ಡಿ ತೂರಬೇಕು. ಜೆಟ್ಟನ್ನು ಬ್ರಿಡ್ಜಿಗೆ ಸಮ ಮಾಡಿ, ಅದರ ನಟ್ಟನ್ನು ಎರಡು ಪೂರ್ತಿ ಸುತ್ತು ಕೆಳಗಿಳಿಸಿ. ಎಚ್‌ಐಎಫ್‌ನಲ್ಲಿ ಪಕ್ಕದ ಸ್ಕ್ರೂ, ಬಲಕ್ಕೆ ತಿರುಗಿಸಿದರೆ ರಿಚ್. ಡ್ಯಾಶ್‌ಪಾಟಿನ ಮೇಲಿಂದ ಇಳಿಸುವ ಡ್ಯಾಂಪರಿಗೆ ಎಸ್‌ಎಇ 20 ಎಣ್ಣೆ. ಡ್ಯಾಂಪರ್ ಇಳಿಸುವಾಗ ಅದರ ಮುಚ್ಚಳ ಇನ್ನೂ 6 ಮಿಮೀ ಮೇಲಿರುವಾಗಲೇ ತಡೆ ಕೈಗೆ ಸಿಗಬೇಕು. ಎಣ್ಣೆ ಬತ್ತಿದರೆ ಆಕ್ಸಿಲರೇಟರ್ ಒತ್ತಿದ ಕ್ಷಣ ಎಂಜಿನ್ ಮುಗ್ಗರಿಸುತ್ತದೆ. ಚೋಕ್ ಕೇಬಲ್ಲಿಗೆ ಒಂದೂವರೆ ಮಿಮೀ ಸಡಿಲ ಬಿಡಿ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಪಿಸ್ಟನ್ನನ್ನು ಕಾರ್ಬ್ಯುರೇಟರಿನ ಎತ್ತುವ ಪಿನ್ನಿನಿಂದ ಸುಮಾರು 0.8 ಮಿಮೀ ಎತ್ತಿ. ಸ್ಪೀಡ್ ಏರಿ ಅಲ್ಲೇ ನಿಂತರೆ ರಿಚ್, ನಟ್ಟನ್ನು ಅದರ ಆರು ಮುಖದಲ್ಲಿ ಒಂದು ಮುಖದಷ್ಟು ಮೇಲೆ. ಕುಸಿದರೆ ಲೀನ್ (ಪೆಟ್ರೋಲ್ ಕಡಿಮೆ), ಒಂದು ಮುಖ ಕೆಳಗೆ. ಚೂರು ಏರಿ ತಕ್ಷಣ ಮೊದಲಿನಂತಾದರೆ ಸರಿ. ಇದು ಐಡ್ಲಿಂಗಿನ ಪರೀಕ್ಷೆ ಮಾತ್ರ. ಮೇಲಿನ ಸ್ಪೀಡಿಗೆ ವೈಡ್‌ಬ್ಯಾಂಡ್ ಸೆನ್ಸರ್ (ಹೊಗೆಯಿಂದ ಗಾಳಿ-ಪೆಟ್ರೋಲ್ ಅನುಪಾತ ಅಳೆಯುವ ಸಾಧನ) ಇದ್ದರೆ ಪೂರ್ತಿ ಥ್ರಾಟಲಿನಲ್ಲಿ ಒಂದು ಪಾಲು ಪೆಟ್ರೋಲಿಗೆ ಗಾಳಿ 12.5ರಿಂದ 12.8ರ ಆಸುಪಾಸು ಇದೆಯೇ ನೋಡಿ. ಐಡ್ಲಿಂಗ್ ಏರಿಳಿಯುತ್ತಿದ್ದರೆ ಜೆಟ್ ಮುಟ್ಟಬೇಡಿ, ಮ್ಯಾನಿಫೋಲ್ಡ್ ವಾಷರಿಗೆ ವಾಪಸ್ ಹೋಗಿ. ಎಚ್‌ಐಎಫ್‌ನಲ್ಲಾದರೆ ಥ್ರಾಟಲ್ ಬಿಲ್ಲೆಯ ಮೇಲಿನ ಪುಟ್ಟ ವಾಲ್ವಿನ ಸ್ಪ್ರಿಂಗ್ ಸೋತಿದ್ದರೂ ಸ್ಪೀಡ್ ಇಳಿಯುವುದಿಲ್ಲ. ತೂತಿಲ್ಲದ ಬಿಲ್ಲೆ ಹಾಕಿದರೆ ಮುಗಿಯಿತು.

ವೆಬರ್ 45 ಡಿಸಿಒಇ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಿನಿಯಲ್ಲಿ ಅದಕ್ಕೆ ಜಾಗ ಮಾಡಲು ಎಂಜಿನ್ನಿನ ಹಿಂದಿನ ಗೋಡೆಯನ್ನೇ ಕತ್ತರಿಸಬೇಕು. ರೇಸಿಗೆ ಸರಿ.

ಬೆಂಗಳೂರಿನಲ್ಲಿ ಎಸ್‌ಯು ಗಾಡಿ ಓಡಿಸುವವರಿಗೆ ತಲೆನೋವು ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಬರಿ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5, ಹಾಗಾಗಿ ಹಳೇ ನೀಡಲ್ಲಿನಲ್ಲಿ ಎಲ್ಲ ಸ್ಪೀಡಿನಲ್ಲೂ ಲೀನ್. ನಟ್ಟು ಇಳಿಸಿದರೆ ಐಡ್ಲಿಂಗ್ ಸರಿಹೋಗುತ್ತದೆ, ಮೇಲಿನ ಸ್ಪೀಡಿಗೆ ಅದರ ಪರಿಣಾಮ ಕಡಿಮೆ. ಅಲ್ಲಿಗೆ ರಿಚ್ ನೀಡಲ್ಲೇ ಬೇಕು. ಫ್ಲೋಟ್ ನೀಡಲ್ಲಿನ ತುದಿ ಎಥನಾಲ್ ತಾಳುವ ವೈಟಾನ್ ರಬ್ಬರಿನದಿರಲಿ, ಪೆಟ್ರೋಲ್ ಪೈಪ್ ಮೇಲೆ ಆರ್9 ಅಂತ ಅಚ್ಚಾಗಿರಲಿ. ಬೇಸಿಗೆ ಟ್ರಾಫಿಕ್ಕಿನಲ್ಲಿ ಎಲ್‌ಸಿಬಿಯ ಕಾವಿಗೆ ಫ್ಲೋಟ್ ಚೇಂಬರಿನ ಪೆಟ್ರೋಲ್ ಕುದಿಯದಂತೆ ನಡುವೆ ಅಲ್ಯೂಮಿನಿಯಂ ಹೀಟ್ ಶೀಲ್ಡ್, ಕಾರ್ಬ್ಯುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ ಕಾವು ತಡೆಯುವ ದಪ್ಪ ಸ್ಪೇಸರ್ ಇರಲಿ. ಸ್ಪೇಸರಿನ ಎರಡೂ ಮಗ್ಗುಲಿಗೆ ಗ್ಯಾಸ್ಕೆಟ್ ಬೇಕು.